ರೇಸ್ ಒಂದೇ, ಚಾನೆಲ್ ಹತ್ತು: ಅಪ್ಪನ ಟಿವಿಯಲ್ಲಿ ಎಫ್‌1 ಸರಿಯಾಗಿ ಬರ್ಬೇಕಾದ್ರೆ ಎಂತ ಮಾಡ್ಬೇಕು?

ಕಟಪಾಡಿಯಿಂದ ಒಬ್ಬರು ಬರೆದ ಪ್ರಶ್ನೆ, ಸ್ವಲ್ಪ ಚಿಕ್ಕದು ಮಾಡಿ ಹಾಕಿದ್ದೇನೆ:

"ಸರ್, ನಾನು ಮತ್ತು ಅಪ್ಪ ಶೂಮಾಕರ್ ಫೆರಾರಿಯಲ್ಲಿದ್ದ ಕಾಲದಿಂದ ಎಫ್‌1 (ಫಾರ್ಮುಲಾ ಒನ್ ಕಾರ್ ರೇಸ್) ನೋಡುವವರು. ಆಗ ಕೇಬಲಿನಲ್ಲಿ ಬರ್ತಿತ್ತು, ರಿಮೋಟ್ ಒತ್ತಿದ್ರೆ ಆಯ್ತು. ಈಗ ಅಪ್ಪನಿಗೆ 71. ನಾನು ಮೊಬೈಲಲ್ಲಿ ಆ್ಯಪಿಗೆ ದುಡ್ಡು ಕಟ್ಟಿ ಟಿವಿಗೆ ಕಾಸ್ಟ್ ಮಾಡ್ತೇನೆ, ನನಗೆ ಫೋನ್ ಬಂದ್ರೆ ರೇಸ್ ನಿಲ್ತದೆ. ಮಳೆಗಾಲದಲ್ಲಂತೂ ಸುತ್ತುತ್ತಾ ಇರ್ತದೆ. ಕಾರು ಜರ್ಕ್ ಹೊಡೆದ ಹಾಗೆ ಓಡ್ತದೆ. ಅಣ್ಣ ದೋಹಾದಲ್ಲಿರುವುದು, ಅವನಿಗೆ ನಮಗಿಂತ ಅರ್ಧ ನಿಮಿಷ ಮೊದಲೇ ಬರ್ತದೆ, ನಾವು ನೋಡುವ ಮೊದಲೇ ಫ್ಯಾಮಿಲಿ ಗ್ರೂಪಲ್ಲಿ ಹಾಕಿಬಿಡ್ತಾನೆ. ಅಲ್ಲಿಯ ಚಾನೆಲ್‌ಗೆ ಒಳ್ಳೆ ಕ್ಯಾಮರಾ ಫೀಡ್ ಕೊಡ್ತಾರೆ, ಇಂಡಿಯಾಕ್ಕೆ ಎರಡನೇ ದರ್ಜೆದು, ನನ್ನ ಲಾಗಿನ್ ಕೊಡ್ತೇನೆ ವಿಪಿಎನ್ (ಬೇರೆ ದೇಶದಲ್ಲಿ ಕೂತ ಹಾಗೆ ತೋರಿಸುವ ಆ್ಯಪ್) ಹಾಕಿ ನೋಡು ಅಂತಾನೆ. ಪಕ್ಕದ ಮನೆಯವರು 3,500 ರೂಪಾಯಿಗೆ ಒಂದು ಬಾಕ್ಸ್ ತಂದಿದ್ದಾರೆ, ಅದರಲ್ಲಿ ಎಲ್ಲಾ ದೇಶದ ಚಾನೆಲ್ ಬರ್ತದೆ. ಯಾವುದು ಮಾಡ್ಲಿ? ಮೊನ್ನೆ ರೇಸ್ ಅರ್ಧದಲ್ಲಿ ಅಪ್ಪ 'ಬಿಡು ಮಗಾ, ನಾಳೆ ಪೇಪರಲ್ಲಿ ನೋಡುವ' ಅಂತ ಎದ್ದು ಮಲಗ್ಲಿಕ್ಕೆ ಹೋದ್ರು. ನನಗೆ ಅದೇ ಬೇಜಾರು."

ಉತ್ತರ:

ನಿಮ್ಮ ಪತ್ರದಲ್ಲಿ ಐದಾರು ಪ್ರಶ್ನೆ ಉಂಟು, ಆದ್ರೆ ನನ್ನ ತಲೆಯಲ್ಲಿ ಕೂತದ್ದು ಕೊನೆಯ ಆ ಎರಡು ಸಾಲು. ಹಾಗಾಗಿ ಮೊದಲೇ ಹೇಳಿಬಿಡ್ತೇನೆ, ವಿಪಿಎನ್ ಬೇಡ, ಬಾಕ್ಸ್ ಬೇಡವೇ ಬೇಡ, ಆ ದುಡ್ಡಲ್ಲಿ ಒಂದು ಉದ್ದದ ಲ್ಯಾನ್ ಕೇಬಲ್ ಮತ್ತು ರೌಟರಿಗೊಂದು ಚಿಕ್ಕ ಯುಪಿಎಸ್ ತನ್ನಿ. ಯಾಕೆ ಅಂತ ಈಗ ನಿಧಾನಕ್ಕೆ ಹೇಳ್ತೇನೆ. ನಾನು ಮೊದಲು ಮಂಗಳೂರಲ್ಲಿ ಕೇಬಲ್ ಹೆಡ್‌ಎಂಡಲ್ಲಿ (ಸಿಗ್ನಲ್ ಹಿಡಿದು ಊರಿಗೆ ಕಳಿಸುವ ಕೇಂದ್ರ) ಇದ್ದವ, ಆಮೇಲೆ ಲೈವ್ ಪ್ರೊಡಕ್ಷನಿಗೆ ಬಂದದ್ದು, ಈಗ ನವೆಂಬರ್ ಬಂತು ಅಂದ್ರೆ ಶನಿವಾರ ರಾತ್ರಿ ಎಲ್ಲಾ ಕಂಬಳದ ಲೈವಲ್ಲೇ ಕಳೀತದೆ. ಸಿಗ್ನಲ್ ಎಲ್ಲಿ ತಡ ಆಗ್ತದೆ, ಎಲ್ಲಿ ಸಾಯ್ತದೆ ಅನ್ನುವುದನ್ನು ಕೈಯಲ್ಲಿ ಮುಟ್ಟಿ ನೋಡಿದವ.

ಮೊದಲು ನಿಮ್ಮ ಅಣ್ಣನ ಮಾತು, ದೋಹಾಕ್ಕೆ ಒಳ್ಳೆ ಕ್ಯಾಮರಾ, ನಮಗೆ ಎರಡನೇ ದರ್ಜೆದು ಅಂತ. ಇದು ತುಂಬಾ ಜನ ನಂಬಿದ್ದು, ಆದ್ರೆ ಸರಿಯಲ್ಲ. ರೇಸಿನ ಚಿತ್ರವನ್ನು ಯಾವ ಚಾನೆಲ್ಲೂ ಸ್ವಂತ ತೆಗೆಯುವುದಿಲ್ಲ. ಎಫ್‌1 ಕಂಪೆನಿಯೇ ಟ್ರ್ಯಾಕ್ ಸುತ್ತ ಕ್ಯಾಮರಾ ಇಟ್ಟು, ಪ್ರತಿ ಕಾರಲ್ಲಿ ಕ್ಯಾಮರಾ ಕೂರಿಸಿ, ಹೆಲಿಕಾಪ್ಟರ್ ಹಾರಿಸಿ, ಎಲ್ಲಾ ಸಿಗ್ನಲನ್ನು ಇಂಗ್ಲೆಂಡಿನ ಬಿಗಿನ್ ಹಿಲ್ ಅನ್ನುವಲ್ಲಿರುವ ಅವರ ಸೆಂಟರಿಗೆ ಕಳಿಸ್ತದೆ, ಅಲ್ಲಿ ಡೈರೆಕ್ಟರ್ ಯಾವ ಶಾಟ್ ಬೇಕು ಅಂತ ಆರಿಸಿ ಒಂದು ಫೀಡ್ ಮಾಡ್ತಾರೆ. ಅದಕ್ಕೆ ವರ್ಲ್ಡ್ ಫೀಡ್ ಅಂತ ಹೆಸರು. ಲಂಡನಿನ ಸ್ಕೈ, ಫ್ರಾನ್ಸಿನ ಕನಾಲ್ ಪ್ಲಸ್, ನಿಮ್ಮ ಅಣ್ಣ ನೋಡುವ ಬಿಇನ್, ನಿಮ್ಮ ಆ್ಯಪ್, ಎಲ್ಲರೂ ರೇಸ್ ಹೊತ್ತಿಗೆ ತೋರಿಸುವುದು ಅದನ್ನೇ. ಗ್ರಾಫಿಕ್ಸ್ ಕೂಡ ಅದರಲ್ಲೇ ಬರ್ತದೆ.

ಹಿಂದೆ ಹಾಗಿರಲಿಲ್ಲ, ಆಯಾ ದೇಶದ ಟಿವಿಯವರು ಚಿತ್ರ ತೆಗೀತಿದ್ರು. ಮೊನಾಕೊ ಒಂದು ಮಾತ್ರ ತುಂಬಾ ವರ್ಷ ಹಾಗೇ ಉಳಿದಿತ್ತು. 2021ರ ಮೊನಾಕೊ ರೇಸ್ ನೋಡಿದ್ರೆ ನಿಮಗೆ ನೆನಪಿರ್ಬಹುದು, ವೆಟೆಲ್ ಪಿಟ್ಟಿಂದ (ಟಯರ್ ಬದಲಿಸುವ ಜಾಗ) ಹೊರಗೆ ಬರ್ತಾರೆ, ಗ್ಯಾಸ್ಲಿ ಪಕ್ಕಕ್ಕೇ ಬಂದು ಇಬ್ಬರೂ ಗುಡ್ಡ ಹತ್ತುತ್ತಾ ಚಕ್ರಕ್ಕೆ ಚಕ್ರ ತಾಗುವ ಹಾಗೆ ಹೋಗುವ ಹೊತ್ತಿಗೆ ಅಲ್ಲಿಯ ಡೈರೆಕ್ಟರ್ ಸ್ಟ್ರೋಲ್ ಟ್ರ್ಯಾಕಿನ ಅಂಚಿನ ಕರ್ಬ್ ಮೇಲೆ ಹೋದ ರೀಪ್ಲೇ ಹಾಕಿದ್ರು. ಇಡೀ ಪ್ರಪಂಚಕ್ಕೆ ಆ ಓವರ್‌ಟೇಕ್ ತಪ್ಪಿತು, ಉಡುಪಿಗೂ ತಪ್ಪಿತು, ಲಂಡನಿಗೂ ತಪ್ಪಿತು. 2023ರಿಂದ ಮೊನಾಕೊ ಕೂಡ ಎಫ್‌1ನವರ ಕೈಗೇ ಬಂತು. ಹಾಗಾಗಿ ಒಳ್ಳೆ ಶಾಟ್ ತಪ್ಪಿದಾಗ ಆ್ಯಪಿಗೆ ಬೈದು ಪ್ರಯೋಜನ ಇಲ್ಲ.

ಮತ್ತೆ ಚಾನೆಲ್ ಚಾನೆಲಿಗೆ ವ್ಯತ್ಯಾಸ ಎಂತದು? ಸ್ವರ, ಅಂದ್ರೆ ಕಾಮೆಂಟರಿ. ಸ್ಕೈಯಲ್ಲಿ ಡೇವಿಡ್ ಕ್ರಾಫ್ಟ್ ಮತ್ತು ಮಾರ್ಟಿನ್ ಬ್ರಂಡಲ್, ನಮ್ಮ ಕರುಣ್ ಚಂದೋಕ್ ಕೂಡ ಅಲ್ಲೇ ಇರುವುದು. ಎಫ್‌1 ಟಿವಿಯಲ್ಲಿ ಅಲೆಕ್ಸ್ ಜಾಕ್ಸ್, ಜೋಲಿಯನ್ ಪಾಮರ್. ರೇಸಿಗೆ ಮೊದಲು ಗ್ರಿಡ್ಡಲ್ಲಿ (ಕಾರುಗಳು ಹೊರಡ್ಲಿಕ್ಕೆ ಸಾಲಾಗಿ ನಿಲ್ಲುವ ಜಾಗ) ನಡೆದು ಮಾತಾಡಿಸುವುದು, ಮುಗಿದ ಮೇಲಿನ ವಿಶ್ಲೇಷಣೆ, ಇದು ಅವರವರದ್ದು. ಕಾಮೆಂಟರಿ ಚಿಕ್ಕ ವಿಷಯ ಅಂತ ನಾನು ಹೇಳುವುದಿಲ್ಲ, ವರ್ಷಗಟ್ಟಲೆ ಸ್ಟಾರ್ ಸ್ಪೋರ್ಟ್ಸಿನಲ್ಲಿ ಸ್ಟೀವ್ ಸ್ಲೇಟರ್ ಸ್ವರ ಕೇಳಿ ರೇಸ್ ಕಲಿತವರು ನಮ್ಮಲ್ಲಿ ಎಷ್ಟೋ ಜನ ಇದ್ದಾರೆ, ನಿಮ್ಮ ಅಪ್ಪನೂ ಅದರಲ್ಲಿ ಒಬ್ಬರಿರ್ಬೇಕು. ಆದ್ರೆ ಸ್ವರಕ್ಕೋಸ್ಕರ ಕಳ್ಳದಾರಿ ಹಿಡಿಯುವಷ್ಟು ವ್ಯತ್ಯಾಸ ಇಲ್ಲ.

ಕೇಬಲಿನಲ್ಲಿದ್ದದ್ದು ಯಾಕೆ ಹೋಯ್ತು ಅಂತ ಅಪ್ಪ ಕೇಳಿಯೇ ಇರ್ತಾರೆ. ಪ್ರಸಾರದ ಹಕ್ಕನ್ನು ದೇಶ ದೇಶಕ್ಕೆ ಬೇರೆ ಬೇರೆ ಮಾರುವುದು, ಇಂತಿಷ್ಟು ವರ್ಷಕ್ಕೆ ಅಂತ. ನಮ್ಮಲ್ಲಿ 2022ರ ಕೊನೆಗೆ ಸ್ಟಾರಿನ ಹಕ್ಕು ಮುಗೀತು, 2023ರಲ್ಲಿ ಟಿವಿಯಲ್ಲಿ ಯಾರೂ ಇರಲಿಲ್ಲ, ಎಫ್‌1ನವರೇ ತಮ್ಮ ಎಫ್‌1 ಟಿವಿ ಪ್ರೋ ಇಲ್ಲಿಗೆ ತಂದ್ರು, 2024ಕ್ಕೆ ಫ್ಯಾನ್‌ಕೋಡ್ ಅನ್ನುವ ಆ್ಯಪ್ ಬಂತು. ಬೈಕ್ ರೇಸ್ ಮೋಟೊಜಿಪಿಯದ್ದೂ ಹಾಗೇ ಕೈಯಿಂದ ಕೈಗೆ, 2023ರ ಸೆಪ್ಟೆಂಬರಲ್ಲಿ ಬುದ್ಧ್ ಸರ್ಕ್ಯೂಟಲ್ಲಿ ರೇಸ್ ಆಗಿ ಬೆಜ್ಜೆಕ್ಕಿ ಗೆದ್ದಾಗ ಎಷ್ಟು ಜನಕ್ಕೆ ಅದು ಯಾವ ಚಾನೆಲಲ್ಲಿ ಬರ್ತದೆ ಅಂತಲೇ ಗೊತ್ತಿರಲಿಲ್ಲ.

ಇದರಲ್ಲಿ ನನ್ನ ಅಭಿಪ್ರಾಯ ಒಂದು ಉಂಟು. ಕ್ರಿಕೆಟಲ್ಲಿ ಓವರಿಗೊಮ್ಮೆ ಜಾಹೀರಾತು ಹಾಕ್ಲಿಕ್ಕೆ ಜಾಗ ಸಿಗ್ತದೆ, ವಿಕೆಟ್ ಬಿದ್ರೆ ಇನ್ನೊಂದು. ರೇಸಲ್ಲಿ ಲೈಟ್ ಆರಿದ ಮೇಲೆ ಒಂದೂವರೆ ಗಂಟೆ ಉಸಿರು ಬಿಡ್ಲಿಕ್ಕೆ ಜಾಗ ಇಲ್ಲ, ಜಾಹೀರಾತಿಗೆ ಕಟ್ ಮಾಡಿದ್ರೆ ಆ ಎರಡು ನಿಮಿಷದಲ್ಲೇ ಪಿಟ್ ಸ್ಟಾಪ್ ಆಗಿ ಲೀಡರ್ ಬದಲಾಗಿರ್ತಾರೆ. ಹಳೇ ಕೇಬಲ್ ದಿನದಲ್ಲಿ ನಾವು ಇದನ್ನು ಎಷ್ಟು ಸಲ ಅನುಭವಿಸಿಲ್ಲ ಹೇಳಿ. ಜಾಹೀರಾತು ನಂಬಿದ ಚಾನೆಲಿಗೆ ರೇಸ್ ಲಾಭದ ವಿಷಯವೇ ಅಲ್ಲ, ಅದರ ಮೇಲೆ ಏಪ್ರಿಲ್ ಮೇಯಲ್ಲಿ ಐಪಿಎಲ್ ಬೇರೆ. ನೋಡುವವ ನೇರ ದುಡ್ಡು ಕೊಟ್ಟು ನೋಡುವ ಆ್ಯಪ್ ಪದ್ಧತಿಯೇ ರೇಸಿಗೆ ಸರಿ ಹೊಂದ್ತದೆ ಅಂತ ನಾನು ನಂಬಿದ್ದೇನೆ. ಆದ್ರೆ ಅದು 71ರ ಅಪ್ಪನಿಗೆ ಸುಲಭ ಆಗಿದೆಯಾ ಅಂತ ಕೇಳಿದ್ರೆ ಇಲ್ಲ, ಅದು ನಿಜ.

ಈಗ ಆ ಅರ್ಧ ನಿಮಿಷದ ವಿಷಯ. ಆ್ಯಪ್‌ನವರು ಬೇಕಂತ ಮಾಡುವುದಲ್ಲ. ಕಂಬಳದಲ್ಲಿ ನಾನು ದಿನಾ ನೋಡುವುದು ಇದನ್ನೇ, ಕೋಣಗಳು ಗಂತಿಂದ (ಓಟ ಶುರುವಾಗುವ ಜಾಗ) ಬಿಟ್ಟು ಮಂಜೊಟ್ಟಿ (ಓಟ ಮುಗಿಯುವ ಜಾಗ) ಮುಟ್ಟಿ ಆಗಿರ್ತದೆ, ಜನ ಬೊಬ್ಬೆ ಹಾಕಿ ಆಗಿರ್ತದೆ, ಕರೆಯ (ಕೋಣ ಓಡುವ ಕೆಸರು ಗದ್ದೆ) ಬದಿಯಲ್ಲಿ ನಿಂತವನ ಮೊಬೈಲಲ್ಲಿ ನಮ್ಮದೇ ಲೈವಲ್ಲಿ ಅದೇ ಜೋಡಿ ಇನ್ನೂ ಹೊರಟೇ ಇರುವುದಿಲ್ಲ. ನಮ್ಮ ವ್ಯಾನಿಗೂ ಅವನಿಗೂ ನೂರು ಮೀಟರ್ ದೂರ ಇಲ್ಲ ಮಾರ್ರೆ. ಯಾಕೆ ಅಂದ್ರೆ ಇಂಟರ್ನೆಟ್ಟಲ್ಲಿ ವಿಡಿಯೋ ನೀರಿನ ಹಾಗೆ ಹರಿದು ಬರುವುದಿಲ್ಲ, ಅದನ್ನು ಎರಡು ಸೆಕೆಂಡಿನ, ನಾಲ್ಕು ಸೆಕೆಂಡಿನ, ಆರು ಸೆಕೆಂಡಿನ ತುಂಡು ಮಾಡಿ ಕಳಿಸುವುದು. ಒಂದು ತುಂಡು ಪೂರ್ತಿ ಆಗ್ಬೇಕು, ಬೇರೆ ಬೇರೆ ಕ್ವಾಲಿಟಿಯಲ್ಲಿ ತಯಾರಾಗ್ಬೇಕು, ಊರೂರಿನ ಸರ್ವರಿಗೆ ಹೋಗ್ಬೇಕು, ಕೊನೆಗೆ ನಿಮ್ಮ ಟಿವಿ ಮೂರು ನಾಲ್ಕು ತುಂಡು ಕೈಯಲ್ಲಿ ಹಿಡ್ಕೊಂಡೇ ಮೊದಲನೆಯದನ್ನು ತೋರಿಸ್ಲಿಕ್ಕೆ ಶುರು ಮಾಡುವುದು, ನೆಟ್ ಸ್ವಲ್ಪ ಕುಂಟಿದ್ರೆ ನಿಲ್ಲಬಾರದು ಅಂತ. ಇದೆಲ್ಲ ಕೂಡಿ 20ರಿಂದ 45 ಸೆಕೆಂಡ್ ಆಗ್ತದೆ. ಡಿಶ್ ಟಿವಿಯಲ್ಲಿ ಈ ತುಂಡಿನ ರಗಳೆ ಇಲ್ಲ, ಸಿಗ್ನಲ್ ಸುಮಾರು 36,000 ಕಿಲೋಮೀಟರ್ ಮೇಲೆ ಹೋಗಿ ಕೆಳಗೆ ಬರ್ಲಿಕ್ಕೆ ಕಾಲು ಸೆಕೆಂಡ್ ಸಾಕು, ಎನ್‌ಕೋಡ್ ಮಾಡುವುದು ಎಲ್ಲ ಸೇರಿ ಕೆಲವು ಸೆಕೆಂಡಲ್ಲಿ ಮುಗೀತದೆ. ಅಣ್ಣನ ಮನೆಯಲ್ಲಿರುವುದು ಡಿಶ್ ಬಾಕ್ಸ್ ಇರ್ಬೇಕು. ಅಲ್ಲಿಗೆ ಲೆಕ್ಕ ಸರಿಯಾಯ್ತು.

2021ರ ಡಿಸೆಂಬರ್ 12, ಅಬುಧಾಬಿ. ನಾನು ಮಂಗಳೂರಿನ ಫ್ಲಾಟಲ್ಲಿ ಮೊಬೈಲಲ್ಲಿ ನೋಡ್ತಾ ಇದ್ದೆ, ಕೆಳಗಿನ ಮನೆಯಲ್ಲಿ ಡಿಶ್. ನನ್ನಲ್ಲಿ ಇನ್ನೂ ಸೇಫ್ಟಿ ಕಾರ್ (ಅಪಘಾತವಾದಾಗ ಎಲ್ಲರನ್ನೂ ನಿಧಾನ ಮಾಡಿಸುವ ಕಾರು) ಒಳಗೆ ಹೋಗ್ತಾ ಇದೆ, ಕೆಳಗಿಂದ ಒಮ್ಮೆಲೇ ಕುರ್ಚಿ ಎಳೆದ ಶಬ್ದ, ಆಮೇಲೆ ಇಡೀ ಮನೆಯವರ ಕೂಗು. ಆ ಮನೆಯ ಹುಡುಗ ವರ್ಸ್ಟಾಪನ್ ಫ್ಯಾನ್ ಅಂತ ನನಗೆ ಗೊತ್ತುಂಟು. ಐದನೇ ತಿರುವಲ್ಲಿ ವರ್ಸ್ಟಾಪನ್ ಹ್ಯಾಮಿಲ್ಟನನ್ನು ದಾಟಿದ್ದನ್ನು ನಾನು ಕಣ್ಣಲ್ಲಿ ನೋಡುವ ಮೊದಲೇ ಕಿವಿಯಲ್ಲಿ ನೋಡಿ ಆಗಿತ್ತು. ಅಂತಾ ಒಂದು ಲ್ಯಾಪ್ ಮತ್ತೆ ಸಿಗ್ತದಾ? ಆವತ್ತಿಂದ ನಾನು ರೇಸ್ ಹೊತ್ತಿಗೆ ಫೋನ್ ಬೇರೆ ಕೋಣೆಯಲ್ಲಿಟ್ಟು, ಕಿಟಕಿ ಹಾಕಿ ಕೂರುವುದು.

ವಿಪಿಎನ್. ವಿಪಿಎನ್ ಬಳಸುವುದೇ ಅಪರಾಧ ಅಂತ ಕೆಲವರು ಹೆದರಿಸ್ತಾರೆ, ನಮ್ಮ ದೇಶದಲ್ಲಿ ಹಾಗಿಲ್ಲ. 2022ರ ಏಪ್ರಿಲಲ್ಲಿ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ಆದೇಶದಲ್ಲಿ ವಿಪಿಎನ್ ಕಂಪೆನಿಗಳು ಗ್ರಾಹಕರ ವಿವರ ಐದು ವರ್ಷ ಇಟ್ಕೊಳ್ಬೇಕು ಅಂತ ಹೇಳಿದ್ರು, ಹಾಗಾಗಿ ಕೆಲವು ದೊಡ್ಡ ಕಂಪೆನಿಗಳು ಇಲ್ಲಿಂದ ಸರ್ವರ್ ತೆಗೆದ್ವು, ಅಷ್ಟೇ. ಆದ್ರೆ ಬೇರೆ ದೇಶಕ್ಕೆ ಮಾತ್ರ ಮಾರಿದ ಪ್ರಸಾರವನ್ನು ಇಲ್ಲಿ ಕೂತು ನೋಡುವುದು ಆ ಚಾನೆಲಿನ ಷರತ್ತಿಗೆ ವಿರುದ್ಧ, ಸಿಕ್ಕಿದ್ರೆ ಹೋಗುವುದು ನಿಮ್ಮ ಖಾತೆ ಅಲ್ಲ, ಅಣ್ಣನ ಖಾತೆ, ಅವನು ಅಲ್ಲಿ ಕಟ್ಟಿದ ದುಡ್ಡು. ಮತ್ತೆ ನಿಮ್ಮ ಮುಖ್ಯ ಸಮಸ್ಯೆಗೆ ಅದು ಮದ್ದೂ ಅಲ್ಲ. ಅಣ್ಣನ ಡಿಶ್ಶಿನ ವೇಗ ನಿಮಗೆ ಬರುವುದಿಲ್ಲ, ನಿಮಗೆ ಬರುವುದು ಅವರ ಆ್ಯಪ್, ಅದೂ ಕಟಪಾಡಿಯಿಂದ ಹೊರಟು ಇನ್ನೊಂದು ದೇಶ ಸುತ್ತಿ. ಈಗ 30 ಸೆಕೆಂಡ್ ಹಿಂದೆ ಇದ್ದದ್ದು ಕಡಿಮೆ ಆಗುವುದಿಲ್ಲ, ಹೆಚ್ಚೂ ಆಗ್ಬಹುದು, ನಡುವೆ ವಿಪಿಎನ್ ಕಟ್ಟಾದ್ರೆ ಅಪ್ಪನ ಎದುರು ನೀವು ಮತ್ತೆ ಲಾಗಿನ್ ಮಾಡ್ತಾ ಕೂರ್ಬೇಕು.

ಬಾಕ್ಸಿನ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿಯಾಗೇ ಹೇಳ್ತೇನೆ. 3,500ಕ್ಕೆ ಇಡೀ ಪ್ರಪಂಚದ ಚಾನೆಲ್ ಕೊಡ್ಲಿಕ್ಕೆ ಯಾರಿಗೂ ಆಗುವುದಿಲ್ಲ, ಅದು ಕದ್ದ ಸಿಗ್ನಲ್. 1957ರ ಕಾಪಿರೈಟ್ ಕಾಯ್ದೆಯಲ್ಲಿ ಪ್ರಸಾರ ಮಾಡುವವರ ಹಕ್ಕಿಗೆ ಬೇರೆಯೇ ಸೆಕ್ಷನ್ ಉಂಟು, 37. ಕಾನೂನು ಬದಿಗಿಡಿ, ನನಗೆ ಹೆದರಿಕೆ ಬೇರೆ. ಇಂತಾ ಅಗ್ಗದ ಆಂಡ್ರಾಯ್ಡ್ ಬಾಕ್ಸುಗಳಲ್ಲಿ ಕೆಲವಕ್ಕೆ ಕಾರ್ಖಾನೆಯಿಂದ ಬರುವಾಗಲೇ ಮಾಲ್‌ವೇರ್ ಕೂತಿರ್ತದೆ, ಬ್ಯಾಡ್‌ಬಾಕ್ಸ್ ಅಂತ ಅದಕ್ಕೆ ಹೆಸರೇ ಉಂಟು, 2025ರ ಜೂನಲ್ಲಿ ಅಮೆರಿಕದ ಎಫ್‌ಬಿಐ ಅದರ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ನಿಮಗೆ ಗೊತ್ತಿಲ್ಲದೆ ನಿಮ್ಮ ಮನೆಯ ನೆಟ್ಟನ್ನು ಬೇರೆ ಯಾರೋ ತಮ್ಮ ಕಳ್ಳ ಕೆಲಸಕ್ಕೆ ಬಾಡಿಗೆ ಕೊಟ್ಟ ಹಾಗೆ ಆಗ್ತದೆ. ಅಪ್ಪನ ಪೆನ್ಷನ್ ಬರುವ ಬ್ಯಾಂಕ್ ಆ್ಯಪ್ ಇರುವ ಫೋನ್ ಕೂಡ ಅದೇ ವೈಫೈಯಲ್ಲಿ ಅಲ್ವಾ. ಪಕ್ಕದ ಮನೆಯವರಿಗೂ ದಯವಿಟ್ಟು ಇದನ್ನು ಹೇಳಿ. ಮತ್ತೆ ಆ ಕದ್ದ ಸ್ಟ್ರೀಮ್ ಅಂದ್ರೆ ಒಬ್ಬರ ಆ್ಯಪನ್ನು ರೆಕಾರ್ಡ್ ಮಾಡಿ ಪುನಃ ತುಂಡು ಮಾಡಿ ಕಳಿಸುವುದು, ಅರ್ಧ ನಿಮಿಷದ ಬದಲು ಒಂದು ನಿಮಿಷಕ್ಕೂ ಹಿಂದೆ ಇರ್ತದೆ, ರೇಸಿನ ಮಧ್ಯದಲ್ಲಿ ಮುಚ್ಚಿಸಿದ್ರೆ ಅಲ್ಲಿಗೆ ಮುಗೀತು.

ಇನ್ನು ನಿಮ್ಮ ಮನೆಯೊಳಗಿನ ಕೆಲಸ.

ಯುರೋಪಿನ ರೇಸುಗಳೆಲ್ಲ ನಮಗೆ ಹೆಚ್ಚಾಗಿ ಸಂಜೆ 6:30ಕ್ಕೆ, ಇಂಗ್ಲೆಂಡಿನದ್ದು 7:30ಕ್ಕೆ, ತಿಂಗಳು ಜೂನ್, ಜುಲೈ, ಆಗಸ್ಟ್. ಅಂದ್ರೆ ನಮ್ಮ ಕರಾವಳಿಯ ಜಡಿಮಳೆಯ ಹೊತ್ತು. ಮಳೆಗೆ ಡಿಶ್ ನಿಲ್ಲುವುದು ಯಾಕೆ ಅಂದ್ರೆ ಮನೆ ಮೇಲಿನ ಸಣ್ಣ ಡಿಶ್ಶಿಗೆ ಬರುವುದು ಕೆಯು ಬ್ಯಾಂಡ್ ಅನ್ನುವ ತರಂಗ, ಅದನ್ನು ಮಳೆಹನಿ ಹೀರ್ತದೆ. ಅಪ್ಪ "ಆಗ ಮಳೆಯಲ್ಲೂ ಬರ್ತಿತ್ತು" ಅಂತ ಹೇಳಿದ್ರೆ ಅದು ಸತ್ಯವೇ, ಆಗ ಕೇಬಲಿನವರು ದೊಡ್ಡ ದೊಡ್ಡ ಡಿಶ್ಶಲ್ಲಿ ಸಿ ಬ್ಯಾಂಡ್ ಹಿಡೀತಿದ್ದದ್ದು, ಅದಕ್ಕೆ ಮಳೆಯ ಕಾಟ ಕಡಿಮೆ. ಆದ್ರೆ ಫೈಬರಿಗೆ ಮಳೆ ಲೆಕ್ಕವೇ ಅಲ್ಲ, ಅದರೊಳಗೆ ಹೋಗುವುದು ಬೆಳಕು. ಮಳೆಗೆ ನಿಮ್ಮ ಆ್ಯಪ್ ನಿಲ್ತದೆ ಅಂದ್ರೆ ಹೆಚ್ಚಾಗಿ ಕರೆಂಟ್. ಗಾಳಿಗೆ ಕರೆಂಟ್ ಒಂದು ಸೆಕೆಂಡ್ ಹೋಗಿ ಇನ್ವರ್ಟರಿಗೆ ಬೀಳ್ತದೆ, ಟಿವಿ ಆಫ್ ಆಗುವುದಿಲ್ಲ, ನಿಮಗೆ ಗೊತ್ತೂ ಆಗುವುದಿಲ್ಲ, ಆದ್ರೆ ಆ ಒಂದು ಕ್ಷಣಕ್ಕೆ ಫೈಬರ್ ಮೋಡೆಮ್ ರೀಸ್ಟಾರ್ಟ್ ಆಗಿ ಪುನಃ ನೆಟ್ ಹಿಡಿಯಲಿಕ್ಕೆ ಎರಡು ಮೂರು ನಿಮಿಷ ಬೇಕು. ಮುಂದಿನ ಸಲ ಸುತ್ತುವಾಗ ಮೋಡೆಮಿನ ಲೈಟ್ ಹೋಗಿ ನೋಡಿ, ಮಿಣುಕ್ತಾ ಇದ್ರೆ ಇದೇ ಕಾಯಿಲೆ. 12 ವೋಲ್ಟಿನ ಮಿನಿ ಯುಪಿಎಸ್ ಅಂಗಡಿಯಲ್ಲಿ ಕೇಳಿದ್ರೆ ಕೊಡ್ತಾರೆ, ಅಂಗೈಯಷ್ಟು ದೊಡ್ಡದು, ಮೋಡೆಮಿಗೆ ನೇರ ಸಿಕ್ಕಿಸಿದ್ರೆ ಆಯ್ತು. ತರುವ ಮೊದಲು ಮೋಡೆಮಿನ ಅಡಾಪ್ಟರಲ್ಲಿ ವೋಲ್ಟು, ಆಂಪು ಎಷ್ಟು ಅಂತ ಫೋಟೋ ತೆಕ್ಕೊಂಡು ಹೋಗಿ.

ಮರ ಬಿದ್ದು ಫೈಬರೇ ತುಂಡಾದ್ರೆ ಮೊಬೈಲ್ ಹಾಟ್‌ಸ್ಪಾಟ್ ಇರ್ಲಿ, ಆದ್ರೆ ಲೆಕ್ಕ ಹಾಕ್ಕೊಳ್ಳಿ, ಎಚ್‌ಡಿಯಲ್ಲಿ ಗಂಟೆಗೆ 2 ಜಿಬಿಗಿಂತ ಹೆಚ್ಚು ಹೋಗ್ತದೆ, ದಿನಕ್ಕೆ 1.5 ಜಿಬಿಯ ಪ್ಯಾಕ್ ಮೂವತ್ತನೇ ಲ್ಯಾಪಿಗೆ ಮುಗೀತದೆ. ಕ್ವಾಲಿಟಿ 720ಕ್ಕೆ ಇಳಿಸಿ ನೋಡಿ.

ಎರಡನೇದು ಗೋಡೆ. ನಿಮ್ಮದು ಹಳೇ ಕೆಂಪುಕಲ್ಲಿನ ಮನೆ ಆಗಿದ್ರೆ ಆ ದಪ್ಪ ಗೋಡೆ ಎರಡು ದಾಟುವಷ್ಟರಲ್ಲಿ ವೈಫೈ ಅರ್ಧ ಸತ್ತಿರ್ತದೆ. ನಾನು ಹೋದ ಎಷ್ಟೋ ಮನೆಯಲ್ಲಿ ರೌಟರ್ ಚಾವಡಿಯ ಮೂಲೆಯಲ್ಲಿ ದೇವರ ಫೋಟೋ ಹಿಂದೆ ಇರ್ತದೆ, ಟಿವಿ ಒಳಗಿನ ಕೋಣೆಯಲ್ಲಿ, 100 ಎಂಬಿಪಿಎಸ್ ಪ್ಲಾನ್ ತೆಕ್ಕೊಂಡು ಟಿವಿಗೆ 4 ಕೂಡ ತಲುಪಿರುವುದಿಲ್ಲ. ಇನ್ನೂ ದೊಡ್ಡ ಪ್ಲಾನ್ ಹಾಕಿ ಅಂತ ಹೇಳುವವರ ಮಾತು ಕೇಳ್ಬೇಡಿ, ಫುಲ್ ಎಚ್‌ಡಿಗೆ 10 ಎಂಬಿಪಿಎಸ್ ಬಿಡದೆ ಬಂದ್ರೆ ಧಾರಾಳ. ಮೋಡೆಮಿಂದ ಟಿವಿಗೆ ಗೋಡೆ ಬದಿಯಲ್ಲಿ ಲ್ಯಾನ್ ಕೇಬಲ್ ಎಳೆಸಿ, ಒಂದು ಗಂಟೆಯ ಕೆಲಸ, ಅದಕ್ಕಿಂತ ದೊಡ್ಡ ಸುಧಾರಣೆ ಬೇರೆ ಇಲ್ಲ.

ಕಾಸ್ಟ್ ಮಾಡುವುದನ್ನು ಇವತ್ತೇ ನಿಲ್ಲಿಸಿ. ಆ್ಯಪನ್ನು ಟಿವಿಯಲ್ಲೇ ಹಾಕಿ ಒಮ್ಮೆ ಲಾಗಿನ್ ಮಾಡಿ, ಹೋಮ್ ಸ್ಕ್ರೀನಿನ ಮೊದಲ ಜಾಗಕ್ಕೆ ತನ್ನಿ. ಟಿವಿ ಹಳೇದಾದ್ರೆ ಟಿವಿಗೆ ಸಿಕ್ಕಿಸುವ ಒಳ್ಳೆ ಕಂಪೆನಿಯ ಸ್ಟಿಕ್ ಒಂದು ಸಾಕು. ಅಪ್ಪನಿಗೆ ಬೇಕಾದ್ದು ಇಷ್ಟೇ, ರಿಮೋಟ್ ಅವರ ಕೈಯಲ್ಲಿ ಇರ್ಬೇಕು, ನಿಮ್ಮ ಮೊಬೈಲನ್ನು ಕಾಯಬಾರದು.

ಆ ಜರ್ಕ್ ಹೊಡೆಯುವುದು, ಇದನ್ನು ನೀವು ಬರೆದದ್ದು ನೋಡಿ ನನಗೆ ಖುಷಿಯಾಯ್ತು, ಯಾಕೆ ಅಂದ್ರೆ ಹೆಚ್ಚಿನವರು ಇದನ್ನೂ ನೆಟ್ಟಿನ ತಪ್ಪು ಅಂತ ಬಿಡ್ತಾರೆ. ವರ್ಲ್ಡ್ ಫೀಡಲ್ಲಿ ಸೆಕೆಂಡಿಗೆ 50 ಚಿತ್ರ, ನಮ್ಮ ಸ್ಟಿಕ್ಕು ಬಾಕ್ಸುಗಳು ಹೆಚ್ಚಾಗಿ ಟಿವಿಗೆ ಕಳಿಸುವುದು 60. ಐದು ಚಿತ್ರ ಆರು ಜಾಗದಲ್ಲಿ ತುಂಬ್ಬೇಕು, ಹಾಗಾಗಿ ಐದಕ್ಕೊಂದು ಚಿತ್ರ ಎರಡು ಸಲ ಬರ್ತದೆ. ಸುದ್ದಿ ಓದುವವರಲ್ಲಿ ಇದು ಕಾಣುವುದಿಲ್ಲ, ಕ್ಯಾಮರಾ 300 ಕಿಲೋಮೀಟರ್ ವೇಗದ ಕಾರಿನ ಹಿಂದೆ ತಿರುಗುವಾಗ ಚೆನ್ನಾಗಿ ಕಾಣ್ತದೆ. ಸೆಟ್ಟಿಂಗಲ್ಲಿ ಡಿಸ್‌ಪ್ಲೇಗೆ ಹೋಗಿ ಮ್ಯಾಚ್ ಫ್ರೇಮ್ ರೇಟ್ ಅಂತ ಇದ್ರೆ ಆನ್ ಮಾಡಿ, ಅದು ಆ್ಯಪಲ್ಲಿ ಕೆಲಸ ಮಾಡದಿದ್ರೆ ರೇಸ್ ಹೊತ್ತಿಗೆ ಕೈಯಲ್ಲೇ 50 ಹರ್ಟ್ಸಿಗೆ ಹಾಕಿ. ಇಟಲಿಯ ಮೊನ್ಝಾ ಟ್ರ್ಯಾಕಿನ ಮೇನ್ ಸ್ಟ್ರೇಟಲ್ಲಿ ಕಾರು ಹೋಗುವುದು ನೋಡಿ ಆಮೇಲೆ, ಬೇರೆ ಟಿವಿ ತಂದ ಹಾಗೆ ಅನ್ನಿಸ್ತದೆ.

ದುಡ್ಡಿನ ಬಗ್ಗೆ ಒಂದೇ ಮಾತು, ಒಂದು ಸೀಸನಿಗಿಂತ ಮುಂದಕ್ಕೆ ಯಾವುದಕ್ಕೂ ಕಟ್ಟಬೇಡಿ, ಹಕ್ಕು ಯಾರ ಹತ್ರ ಉಂಟು ಅಂತ ಫೆಬ್ರವರಿ ಕೊನೆಗೆ ಪ್ರತಿವರ್ಷ ನೋಡಿ ಆಮೇಲೆ ಕಟ್ಟಿ. ಅಮೆರಿಕದವರಿಗೂ ಇದೇ ಪಾಡು, ಅಲ್ಲಿ ಇಎಸ್‌ಪಿಎನ್ ಕೈಯಲ್ಲಿದ್ದದ್ದು 2026ಕ್ಕೆ ಆಪಲ್‌ಗೆ ಹೋಯ್ತು.

ರಾತ್ರಿಯ ರೇಸುಗಳಿಗೆ ಅಪ್ಪನನ್ನು ಎಬ್ಬಿಸ್ಬೇಡಿ. ಅಮೆರಿಕದ ಆಸ್ಟಿನ್, ಮೆಕ್ಸಿಕೊ ನಮಗೆ ರಾತ್ರಿ ಹನ್ನೆರಡು ದಾಟಿದ ಮೇಲೆ. ಬೆಳಿಗ್ಗೆ ಚಾ ಕುಡೀತಾ ರೀಪ್ಲೇ ಹಾಕಿ, ಆದ್ರೆ ಅಲ್ಲಿವರೆಗೆ ಯೂಟ್ಯೂಬ್ ತೆರೀಬೇಡಿ, ಥಂಬ್‌ನೇಲಲ್ಲೇ ಗೆದ್ದವನ ಮುಖ ಇರ್ತದೆ. ಆ್ಯಪಿನ ನೋಟಿಫಿಕೇಶನ್ ಕೂಡ ಹಿಂದಿನ ದಿನವೇ ಬಂದ್ ಮಾಡಿ.

ಕೊನೆಗೆ ಅಣ್ಣ. ಅವನಿಗೆ ಬೈಯ್ಬೇಡಿ, ಅವನೂ ಅಲ್ಲಿ ಒಬ್ಬನೇ ಕೂತು ನೋಡುವುದಲ್ವಾ, ಗ್ರೂಪಿಗೆ ಹಾಕುವುದು ಅದಕ್ಕೇ. ಮುಂದೆ ಹೋದ ಗಡಿಯಾರವನ್ನು ಹಿಂದೆ ನಿಲ್ಲಿಸ್ಬಹುದು, ಹಿಂದೆ ಇದ್ದದ್ದನ್ನು ಮುಂದೆ ತರ್ಲಿಕ್ಕೆ ಆಗುವುದಿಲ್ಲ, ಹಾಗಾಗಿ ಪಾಝ್ (ಚಿತ್ರ ತಡೆದು ನಿಲ್ಲಿಸುವುದು) ಮಾಡ್ಬೇಕಾದ್ದು ಅವನು. ಅವನ ಬಾಕ್ಸಲ್ಲಿ ಲೈವ್ ನಿಲ್ಲಿಸುವ ಸೌಕರ್ಯ ಇದ್ರೆ ಫಾರ್ಮೇಶನ್ ಲ್ಯಾಪಿಗಿಂತ (ರೇಸ್ ಶುರುವಾಗುವ ಮೊದಲಿನ ನಿಧಾನದ ಸುತ್ತು) ಮೊದಲು ಫೋನ್ ಮಾಡಿ, ಗ್ರಿಡ್ಡಿನ ಗ್ರಾಫಿಕ್ಸಲ್ಲಿ ಪೋಲ್‌ನವನ (ಮೊದಲ ಸ್ಥಾನದಿಂದ ಹೊರಡುವವ) ಹೆಸರು ಅವನಲ್ಲಿ ಬಂದ ಕೂಡಲೇ ಪಾಝ್ ಒತ್ತಲಿ, ನಿಮ್ಮಲ್ಲಿ ಅದೇ ಹೆಸರು ಬಂದಾಗ ನೀವು "ಹ್ಞಾ, ಬಿಡು" ಅನ್ನಿ. ಒಂದೆರಡು ಸೆಕೆಂಡ್ ಆಚೆ ಈಚೆ ಆದ್ರೆ ಇನ್ನೊಮ್ಮೆ. ಆಮೇಲೆ ಫೋನ್ ಸ್ಪೀಕರಿಗೆ ಹಾಕಿ ಅಪ್ಪನ ಕುರ್ಚಿಯ ಕೈಯ ಮೇಲಿಡಿ, ಮೂರು ಜನರಿಗೂ ಐದು ಕೆಂಪು ಲೈಟ್ ಒಟ್ಟಿಗೇ ಆರ್ತದೆ.